ಕಡಲಿಗಿಳಿದ ಡ್ರಿಲ್ ಮಾಸ್ತರರು

ಕೊರಳ ಸುತ್ತ ಸೀಟಿಯ ದಾರ ಕೂರುತ್ತಿದ್ದ ಜಾಗದಲ್ಲಿ ಅವರ ಚರ್ಮ ಬೆಳ್ಳಗೆ ಉಳಿದಿತ್ತು. ಮುಖ, ಕುತ್ತಿಗೆ, ಕೈ ಎಲ್ಲ ಬಿಸಿಲಿಗೆ ಸುಟ್ಟು ಕಪ್ಪಾಗಿದ್ದರೂ ಆ ಒಂದು ಗೆರೆ ಮಾತ್ರ ಬಿಸಿಲು ಕಂಡೇ ಇರಲಿಲ್ಲ. ಪೇಟೆಗೆ ಹೋಗಲಿ, ಆಫೀಸಿಗೆ ಹೋಗಲಿ, ಸೀಟಿ ಕೊರಳಲ್ಲೇ. ಒಮ್ಮೆ ನಮ್ಮ ಹೆಡ್ ಮಾಸ್ತರರ ಮಗಳ ಮದುವೆಯಲ್ಲಿ ಊಟಕ್ಕೆ ಜನ ನುಗ್ಗಾಡುತ್ತಿದ್ದಾಗ ಅವರು ಸೀಟಿ ಊದಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಬೀಗರೂ ಸಾಲಿನಲ್ಲಿ ನಿಂತಿದ್ದರು.

ನಮ್ಮ ಡ್ರಿಲ್ ಮಾಸ್ತರರನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ಸಿಟ್ಟು. ಕಣ್ಣೀರು ಆಮೇಲೆ. ತೀರಿಕೊಂಡವರ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ನಮ್ಮ ಯಜಮಾನರು ಹೇಳಿದರು. ಅವರಿಗೇನು ಗೊತ್ತು? ಆ ಮನುಷ್ಯನ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಕೂತವಳು ನಾನು.

ಗೋಕಾಕದಿಂದ ದಿನಾ ಬಸ್ಸು ಹಿಡಿದು ಮಮದಾಪುರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗಿ ಸಮಾಜ ವಿಜ್ಞಾನ ಕಲಿಸುವುದು ನನ್ನ ಕೆಲಸ. ಅವರು ಹುಕ್ಕೇರಿ ಕಡೆಯವರು. ಮೊದಲು ಮೂಡಲಗಿಯಲ್ಲಿ ನೌಕರಿ ಮಾಡಿ, ಆಮೇಲೆ ನಮ್ಮ ಶಾಲೆಗೆ ಬಂದು, ಕೊಣ್ಣೂರಿನಲ್ಲಿ ಮನೆ ಮಾಡಿಕೊಂಡು ಸೈಕಲ್ ಮೇಲೆ ಬರುತ್ತಿದ್ದರು. ನಾನು ನೌಕರಿಗೆ ಹಾಜರಾದ ದಿನ ಹೊಸ ಚಪ್ಪಲಿ ಕಚ್ಚುತ್ತಿತ್ತು. ವರಾಂಡದಲ್ಲಿ ಸರಸರ ಕಾಲು ಎಳೆಯುತ್ತ ಬರುತ್ತಿದ್ದೆ. ಮೈದಾನದಿಂದ ದೊಡ್ಡ ದನಿ ಬಂತು.

“ಅಕ್ಕೋರ, ಕಾಲ ಎತ್ತಿ ಹಾಕ್ರಿ. ಹುಡುಗ್ಯಾರು ನೋಡಾಕತ್ತಾರ.”

ಹೆಸರು ಕೇಳಲಿಲ್ಲ, ಯಾವೂರು ಎನ್ನಲಿಲ್ಲ. ಮೊದಲ ಮಾತೇ ಇದು. ಇಡೀ ಶಾಲೆಯ ಎದುರು ನನ್ನ ಮುಖ ಕೆಂಪಾಯಿತು. ಆದರೂ ಕಾಲು ಎತ್ತಿ ಹಾಕಿಯೇ ಒಳಗೆ ಹೋದೆ. ಅವರ ದನಿಯೇ ಅಂಥದು, ಕೇಳಿದ ಮೇಲೆ ಕಾಲು ತಾನೇ ಏಳುತ್ತಿತ್ತು.

ಕಾಲು ಎಳೆದು ಅಡ್ಡಾಡಿದರೆ ಮನೆಗೆ ದರಿದ್ರ ಬರುತ್ತದೆ ಎಂದು ನಮ್ಮ ಕಡೆ ತಾಯಂದಿರೆಲ್ಲ ಬೈಯುತ್ತಾರೆ. ನಮ್ಮವ್ವನೂ ಬೈದವಳೇ. ಮಾಸ್ತರರು ದರಿದ್ರ, ಶಕುನ ಯಾವುದನ್ನೂ ನಂಬುವವರಲ್ಲ. ಆದರೆ ಕಾಲು ಎಳೆಯುವುದನ್ನು ಕಂಡರೆ ಆ ತಾಯಂದಿರಿಗಿಂತ ಹೆಚ್ಚು ಉರಿದು ಬೀಳುತ್ತಿದ್ದರು. “ಕಾಲ ಎಳಕೊಂತ ಬರೋರು ಕೆಲಸಾನೂ ಎಳಕೊಂತ ಮಾಡ್ತಾರ್ರಿ” ಎನ್ನುವುದು ಅವರ ಮಾತು. ಎಂಟನೆಯ ತರಗತಿಗೆ ಬಂದ ಹುಡುಗಿಯರಿಗೆ ಅವರು ಮೊದಲು ಕಲಿಸುತ್ತಿದ್ದುದು ನಡೆಯುವುದನ್ನು. ಮೊಣಕಾಲು ಎತ್ತಬೇಕು, ಹಿಮ್ಮಡಿ ಊರಬೇಕು, ನೆಲ ದಪ್ ಎನ್ನಬೇಕು. ಕೊಡ ಹೊತ್ತು, ಬುತ್ತಿ ಹೊತ್ತು, ತಲೆ ತಗ್ಗಿಸಿ ನಡೆದು ರೂಢಿಯಾದ ಹುಡುಗಿಯರು ಒಂದು ವರ್ಷದಲ್ಲಿ ಎದೆ ಎತ್ತಿ ನಡೆಯುತ್ತಿದ್ದರು. ಅದು ಚಂದವೇ ಇತ್ತು, ನಾನು ಇಲ್ಲವೆನ್ನುವುದಿಲ್ಲ.

ಆದರೆ ಆ ಚಂದಕ್ಕೆ ಬಲಿಯಾಗುತ್ತಿದ್ದುದು ನನ್ನ ಪೀರಿಯಡ್ಡು! ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಹತ್ತಿರ ಬಂದವೆಂದರೆ ನಾನು ಭೂಪಟ ನೇತುಹಾಕಿ ತಿರುಗುವಷ್ಟರಲ್ಲಿ ಹೊರಗೆ ಸೀಟಿ. ಹುಡುಗಿಯರು ಎದ್ದು ಓಡುತ್ತಿದ್ದರು. ನಾನು ಹೋಗಿ ಜಗಳಾಡಿದರೆ ಅವರು ನಕ್ಕೂ ನಗದ ಹಾಗೆ ಹೇಳುತ್ತಿದ್ದರು, “ಭೂಪಟ ಎಲ್ಲಿ ಓಡಿ ಹೋಗ್ತೈತ್ರಿ ಅಕ್ಕೋರ? ನಾಳೆನೂ ಅಲ್ಲೇ ಇರ್ತೈತಿ. ಇಪ್ಪತ್ತಾರನೇ ತಾರೀಖು ನಿಲ್ಲೂದಿಲ್ಲ.” ಸೀಮೆಸುಣ್ಣ ಮುರಿದು ಎಸೆದು ಬರುತ್ತಿದ್ದೆ.

ಬೆಳಿಗ್ಗೆ ಅವರದೊಂದು ನೇಮವಿತ್ತು. ಪ್ರಾರ್ಥನೆಗೆ ಮೊದಲು, ಹುಡುಗಿಯರು ಬರುವ ಮೊದಲು, ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಇಡೀ ಮೈದಾನ ತುಳಿಯುವುದು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಹೊಲ ಹರಗಿದ ಹಾಗೆ, ಒಂದು ಸಾಲೂ ಬಿಡದೆ. ಗಾಳಿಗೆ ಜಾಲಿಮುಳ್ಳು ಬಂದು ಬಿದ್ದಿರುತ್ತಿದ್ದವು. ಸಂಜೆ ಕುಡಿಯಲು ಕೂತವರು ಬಾಟಲಿ ಒಡೆದು ಹೋಗಿರುತ್ತಿದ್ದರು. ನಮ್ಮ ಹುಡುಗಿಯರು ಓಡುವುದು ಬರಿಗಾಲಲ್ಲಿ. ಅವರ ಕಾಲಿಗೆ ಚುಚ್ಚುವುದು ಮೊದಲು ತಮ್ಮ ಕಾಲಿಗೆ ಚುಚ್ಚಲಿ ಎನ್ನುವ ಲೆಕ್ಕ.

“ಬೂಟ ಹಾಕ್ಕೊಂಡು ಕಣ್ಣಿಲೆ ನೋಡಿದ್ರ ಸಾಲದೇನ್ರಿ ಸರ?” ಎಂದು ಕೇಳಿದ್ದೆ.

“ಕಣ್ಣಿಗೆ ಮುಳ್ಳ ಕಾಣೂದಿಲ್ರಿ. ಅಂಗಾಲಿಗೆ ಕಾಣ್ತಾವ.”

ಅಂಗಾಲಿಗೆ ಕಂಡ ಮುಳ್ಳುಗಳನ್ನು ಪ್ರಾರ್ಥನೆಯ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಪಿನ್ನಿನಿಂದ ಕೀಳುತ್ತಿದ್ದರು. ನನಗೆ ನೋಡಲಾಗದೆ ಮುಖ ತಿರುಗಿಸುತ್ತಿದ್ದೆ. ಹೇಳಿದರೆ ಕೇಳುವ ಜಾತಿಯೇ ಅಲ್ಲ ಅದು.

ತಪ್ಪಾಯಿತು ಎನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಒಂದು ಗಣರಾಜ್ಯೋತ್ಸವಕ್ಕೆ ತಾಲೂಕು ಮೈದಾನದಲ್ಲಿ ನಮ್ಮ ಹುಡುಗಿಯರ ಪಥಸಂಚಲನ. ಎಲ್ಲ ಶಾಲೆಗಳೂ ವೇದಿಕೆಯನ್ನು ಬಲಕ್ಕೆ ಇಟ್ಟುಕೊಂಡು ಹೋಗುತ್ತಿದ್ದರೆ, ನಮ್ಮ ಮಾಸ್ತರರು ಎಲ್ಲೋ ತಿರುವು ತಪ್ಪಿಸಿ ತಂಡವನ್ನು ವೇದಿಕೆಯ ಹಿಂದಿನಿಂದ ನಡೆಸಿಕೊಂಡು ಹೋದರು. ಹುಡುಗಿಯರು ಶಾಮಿಯಾನದ ಬೆನ್ನಿಗೆ ಚೊಕ್ಕವಾಗಿ ಸೆಲ್ಯೂಟ್ ಹೊಡೆದರು. ತಹಶೀಲ್ದಾರ ಸಾಹೇಬರು ಕುರ್ಚಿಯಲ್ಲೇ ಹೊರಳಿ ನೋಡಿದರು. ಆಮೇಲೆ ನಾನು ಕೇಳಿದರೆ ಮಾಸ್ತರರು ಒಂದಿಷ್ಟೂ ಅಳುಕದೆ ಹೇಳಿದರು, “ನಮ್ಮ ಹುಡುಗ್ಯಾರು ಬರೋಬ್ಬರಿ ಹೋಗ್ಯಾರ. ಅವರ ವೇದಿಕಿ ಉಲ್ಟಾ ಕಟ್ಯಾರ.”

ಇಂಥವರನ್ನು ಕಟ್ಟಿಕೊಂಡು ನಾನು ಸಮುದ್ರಕ್ಕೆ ಹೋಗಬೇಕಾಗಿ ಬಂತು.

ಪ್ರವಾಸದ ಹುಚ್ಚು ನನ್ನದೇ. ಕರಾವಳಿ ಪಾಠ ಮಾಡುವಾಗಲೆಲ್ಲ ನಮ್ಮ ಹುಡುಗಿಯರು ಕೇಳುತ್ತಿದ್ದರು, “ಅಕ್ಕೋರ, ಸಮುದ್ರದ ಆ ಕಡಿ ದಂಡಿ ಎಷ್ಟ ದೂರ ಕಾಣಸ್ತೈತ್ರಿ?” ಅವರು ಕಂಡ ದೊಡ್ಡ ನೀರೆಂದರೆ ಹಿಡಕಲ್ ಡ್ಯಾಮು. ಆ ಕಡೆ ದಂಡೆಯೇ ಕಾಣುವುದಿಲ್ಲ ಎಂದರೆ ಸುಳ್ಳು ಹೇಳುತ್ತಿದ್ದೇನೆ ಎನ್ನುವ ಹಾಗೆ ನೋಡುತ್ತಿದ್ದರು. ಗಂಡುಮಕ್ಕಳು ಪ್ರತಿ ವರ್ಷ ಕಾರವಾರ, ಗೋಕರ್ಣ ಎಂದು ಹೋಗಿ ಬರುತ್ತಿದ್ದರು. ಹುಡುಗಿಯರಿಗೆ ಮಾತ್ರ ಮುಂಜಾನೆ ಹೋಗಿ ಸಂಜೆ ಮನೆ ಸೇರುವ ಪ್ರವಾಸ. ಗೋಕಾಕ ಫಾಲ್ಸು, ಇಲ್ಲವೇ ಡ್ಯಾಮು. ಹೊರಗೆ ಉಳಿಯುವ ಪ್ರವಾಸಕ್ಕೆ ಯಾರ ಮನೆಯಲ್ಲೂ ಹೂಂ ಎನ್ನುತ್ತಿರಲಿಲ್ಲ. ಆ ವರ್ಷ ನಾನು ಹಟ ಹಿಡಿದು ಮನೆಮನೆಗೆ ಹೋದೆ. ಎಲ್ಲ ಕಡೆ ಒಂದೇ ಪ್ರಶ್ನೆ.

“ಡ್ರಿಲ್ ಸರ್ ಬರ್ತಾರೇನ್ರಿ?”

ಅವರು ಬರುತ್ತಾರೆ ಎಂದರೆ “ಹಂಗಾರ ಕಳಸ್ತೇವಿ”. ಬೀರಪ್ಪ ಎನ್ನುವ ಒಬ್ಬರಿದ್ದರು, ಕುರಿ ಸಾಕುವವರು. ಅವರ ಹಿರಿ ಮಗಳು ಮಾಳವ್ವ ಒಂಬತ್ತನೆಯ ತರಗತಿ, ನಮ್ಮ ಪಥಸಂಚಲನದ ಲೀಡರ್. ಹಳ್ಳಿಯಲ್ಲಿ ಬೀರಪ್ಪ ಹೂಂ ಎಂದರೆ ಅರ್ಧ ಊರು ಹೂಂ ಎಂದ ಹಾಗೆ. ಅವರು ನನ್ನ ಮಾತನ್ನೆಲ್ಲ ಕೇಳಿ, ಕಡೆಗೆ, “ಸರ್ ಇದ್ರ ನಂಗ ನಿದ್ದಿ ಬರ್ತೈತ್ರಿ” ಎಂದರು. ನಾನು ಬರುತ್ತೇನೋ ಇಲ್ಲವೋ ಎಂದು ಯಾರೂ ಕೇಳಲೂ ಇಲ್ಲ. ನನ್ನ ಪಾಠ, ನನ್ನ ಓಡಾಟ, ಆದರೆ ಭರವಸೆ ಮಾತ್ರ ಆ ಸೀಟಿಯ ಮೇಲೆ. ಸಿಟ್ಟು ಬಾರದೆ ಏನು ಮಾಡೀತು?

ಯಲ್ಲಾಪುರದ ಘಟ್ಟ ಇಳಿದು, ಗೋಕರ್ಣದಲ್ಲಿ ದೇವರ ದರ್ಶನ ಮಾಡಿಸಿ, ಮರುದಿನ ಮುಂಜಾನೆ ಅಲ್ಲಿಂದ ದೂರದ, ಗದ್ದಲವಿಲ್ಲದ ಒಂದು ಸಣ್ಣ ಕಡಲತೀರಕ್ಕೆ ಹೋದೆವು. ಬಸ್ಸಿನಿಂದ ಇಳಿದ ಹುಡುಗಿಯರು ಇಳಿದಲ್ಲೇ ನಿಂತುಬಿಟ್ಟರು. ಮಾಳವ್ವ ನನ್ನ ಸೆರಗು ಹಿಡಿದು, “ಖರೇನ ದಂಡಿ ಇಲ್ಲಲ್ರಿ” ಎಂದಳು. ಅದನ್ನು ಕೇಳಲಿಕ್ಕೇ ನಾನು ಅಷ್ಟೆಲ್ಲ ಮನೆಗಳ ಕಟ್ಟೆ ಹತ್ತಿ ಇಳಿದದ್ದು.

ನೀರು ಹಿಂದೆ ಸರಿದಿತ್ತು. ಮೊಣಕಾಲುದ್ದದ ನೀರು ಬಹಳ ದೂರದವರೆಗೆ ತಿಳಿಯಾಗಿ ಹಬ್ಬಿತ್ತು. ಹುಡುಗಿಯರು ಚೂಡಿದಾರ ಮೇಲಕ್ಕೆ ಮಡಚಿ ಓಡಬೇಕು, ಅಷ್ಟರಲ್ಲಿ ಸೀಟಿ. ಈ ಸಲ ನಮ್ಮ ಮಾಸ್ತರರದಲ್ಲ. ಕೆಂಪು ಅಂಗಿಯ ಲೈಫ್‌ಗಾರ್ಡ್ ಒಬ್ಬ ಓಡಿ ಬಂದ.

“ನೀವು ಘಟ್ಟದ ಮೇಲಿನವ್ರಾ? ಸ್ವಲ್ಪ ನಿಲ್ಲಿ. ಈ ನೀರಲ್ಲಿ ತೊರಕೆ ಮೀನು ಇರ್ತದೆ. ಚಪ್ಪಟೆ ಮೀನು, ಮೈಮೇಲೆ ಮರಳು ಹಾಕ್ಕಂಡಿ ಮಲಗಿರ್ತದೆ, ಕಾಣೂದಿಲ್ಲ. ಮೇಲೆ ಕಾಲಿಟ್ರೆ ಬಾಲದ ಮುಳ್ಳಲ್ಲಿ ಹೊಡೀತದೆ. ಕಾಲು ಎತ್ತಿ ಇಡ್ಬೇಡಿ. ಮರಳಿಗೆ ಉಜ್ಜಿ ಎಳ್ಕಂಡಿ ಹೋಗಿ. ಪಕ್ಕದಿಂದ ಕಾಲು ತಾಗಿದ್ರೆ ಅದೇ ಎದ್ದು ಹೋಗ್ತದೆ.”

ಎಷ್ಟು ಸರಳ ಮಾತು! ನಾನು ಹುಡುಗಿಯರ ಕಡೆ ತಿರುಗಿ, “ಕೇಳಿದ್ರಿಲ್ಲೋ? ಎಲ್ಲಾರೂ ಕಾಲ ಎಳಕೊಂತ ಹೋಗ್ರಿ” ಎಂದೆ.

“ಏ! ಒಬ್ಬರೂ ಹಂದಬ್ಯಾಡ್ರಿ” ಎಂದರು ಮಾಸ್ತರರು. ಮೊದಲು ಲೈಫ್‌ಗಾರ್ಡನ ಸೀಟಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು. “ವರ್ಷಗಟ್ಟಲೆ ಎತ್ತಾಕ ಕಲಸೇನಿ ಅಕ್ಕೋರ. ಒಂದ ಗಳಿಗ್ಯಾಗ ಎಳಿಯಾಕ ಹಚ್ಚತೀರೇನು? ಬರೂ ತಿಂಗಳ ಪರೇಡ್ ಐತಿ. ಹೆಜ್ಜಿ ಕೆಟ್ಟಿತಂದ್ರ ಕೆಟ್ಟೇ ಹೋತು.”

“ಸರ, ಇದು ಪರೇಡ್ ಮೈದಾನ ಅಲ್ರಿ. ಸಮುದ್ರ ಐತಿ.”

“ಗೊತ್ತೈತ್ರಿ. ಕಬ್ಬಿನ್ಯಾಗ ನೀರ ಹಾಸಾಕ ಹೋದಾಗ ಏನ ಮಾಡ್ತೇವಿ? ಕಾಲ ಎತ್ತಿ ದಪ್ಪ ದಪ್ಪ ಇಡ್ತೇವಿ. ಆ ಸಪ್ಪಳಕ್ಕ ಹಾವು ತಾನ ದಾರಿ ಬಿಡ್ತೈತಿ. ಮೀನ ಹಾವಿಗಿಂತ ದೊಡ್ಡದೇನು?”

ನಮ್ಮ ಕಡೆ ಯಾರನ್ನು ಕೇಳಿದರೂ ಇದನ್ನು ಖರೆ ಎನ್ನುತ್ತಾರೆ. ಕಬ್ಬಿನ ಗದ್ದೆಯಲ್ಲಿ ಕಾಲು ಬಡಿಯದೆ ಹೋಗುವವನನ್ನು ಹುಚ್ಚ ಎನ್ನುತ್ತಾರೆ. ಘಟಪ್ರಭಾ ಹೊಳೆ ದಾಟುವಾಗಲೂ ಅಷ್ಟೇ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಎತ್ತಿ ಗಟ್ಟಿಯಾಗಿ ಊರದಿದ್ದರೆ ಜಾರುತ್ತದೆ. ಹೊಳೆಯ ಬುದ್ಧಿ ಕಡಲಿಗೆ ತಂದಿದ್ದರು ಅವರು. ತೊರಕೆ ಸಪ್ಪಳಕ್ಕೆ ಓಡುವುದಿಲ್ಲ, ಇನ್ನೂ ಮರಳಿಗೆ ಅಂಟಿಕೊಂಡು ಕೂರುತ್ತದೆ ಎಂದು ಲೈಫ್‌ಗಾರ್ಡ್ ಮತ್ತೆ ಮತ್ತೆ ಹೇಳಿದ. ಮಾಸ್ತರರು ಕೇಳುತ್ತಲೇ ಇರಲಿಲ್ಲ. ಬೂಟು ಬಿಚ್ಚುತ್ತಿದ್ದರು. ಪ್ಯಾಂಟು ಮಡಚುತ್ತಿದ್ದರು.

“ನಾ ಮೊದಲ ತುಳದ ಬರ್ತೇನಿ. ಆಮ್ಯಾಲ ಹುಡುಗ್ಯಾರು.”

ಮೈದಾನ ತುಳಿಯುವ ಹಾಗೆಯೇ ಹೊರಟರು. ಮೊಣಕಾಲು ಎತ್ತಿ, ಹಿಮ್ಮಡಿ ಊರಿ, ನೀರು ಎದೆಯವರೆಗೆ ಸಿಡಿಯುವ ಹಾಗೆ. ಒಂದು ಸಾಲು ಹೋಗಿ ಹೊರಳಿ ಬಂದರು. ನಮ್ಮ ಹುಡುಗಿಯರು ದಂಡೆಯ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಮೈಯೆಲ್ಲ ಉರಿಯುತ್ತಲೂ ಇತ್ತು. ಎರಡನೆಯ ಸಾಲಿನ ನಡುವೆ ಅವರು ಒಂದು ಕಾಲು ಮೇಲೆತ್ತಿದವರು ಹಾಗೆಯೇ ನಿಂತರು. ಹುಡುಗಿಯರಿಗೆ ಸರಿಯಾದ ಭಂಗಿ ತೋರಿಸುತ್ತಿದ್ದಾರೆ ಎಂದುಕೊಂಡೆ. ಎತ್ತಿದ ಕಾಲು ಇಳಿಯಲೇ ಇಲ್ಲ. ಆಮೇಲೆ ಆ ಕಾಲಿನಿಂದ ನೀರಿಗೆ ಕೆಂಪು ತೊಟ್ಟಿಕ್ಕುವುದು ಕಂಡಿತು.

ಲೈಫ್‌ಗಾರ್ಡ್ ಓಡಿ ಹೋಗಿ ಹೆಗಲು ಕೊಟ್ಟು ಕರೆತಂದ. ಎಡ ಪಾದದ ಮೇಲ್ಭಾಗ, ಕಣಕಾಲಿನ ಹತ್ತಿರ ಸೀಳಿತ್ತು. ಚಹಾದಂಗಡಿಯವರು ದೊಡ್ಡ ಪಾತ್ರೆಯ ಬಿಸಿನೀರನ್ನು ಬಕೆಟ್ಟಿಗೆ ಸುರಿದರು. ಸುಡಬಾರದು, ಆದರೆ ತಡೆದುಕೊಳ್ಳುವಷ್ಟು ಬಿಸಿ ಇರಬೇಕು, ಆ ವಿಷಕ್ಕೆ ಬಿಸಿಯೇ ಬೇಕು ಎಂದು ಲೈಫ್‌ಗಾರ್ಡ್ ತನ್ನ ಕೈಯದ್ದಿ ನೋಡಿ, ಅವರ ಕಾಲನ್ನು ಮೆಲ್ಲಗೆ ಇಳಿಸಿದ. ಮಾಸ್ತರರು ಅಯ್ಯೋ ಎನ್ನಲಿಲ್ಲ. ಸೀಟಿಯನ್ನು ಬಾಯಲ್ಲಿಟ್ಟು ಹಲ್ಲು ಕಚ್ಚಿ ಕೂತರು. ನೋವು ಏರಿದಾಗಲೆಲ್ಲ ಉಸಿರಿನ ಜೊತೆ ಸೀಟಿ ಸಣ್ಣಗೆ ಪೀ ಎನ್ನುತ್ತಿತ್ತು. ಆ ಸಪ್ಪಳ ಕೇಳಿ ಹುಡುಗಿಯರು ಒಬ್ಬೊಬ್ಬರಾಗಿ ಅಳತೊಡಗಿದರು.

ಆಸ್ಪತ್ರೆಗೆ ಒಯ್ಯಲು ಆಟೊ ಬರುವುದಿತ್ತು. ಅವರಿಗೆ ಬೈಯಬೇಕೋ, ಅವರ ಬೆನ್ನು ಸವರಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಹುಡುಗಿಯರ ಮೇಲಿನ ಗದರಿಕೆ. “ಸಾಕು. ಎಲ್ಲಾರೂ ಬಸ್ ಹತ್ರಿ. ಯಾರೂ ನೀರ ಮುಟ್ಟೂದು ಬ್ಯಾಡ.”

ಮಾಸ್ತರರು ಬಾಯಿಂದ ಸೀಟಿ ತೆಗೆದರು. “ಬ್ಯಾಡ್ರಿ ಅಕ್ಕೋರ. ಇಳಿಸ್ರಿ ಹುಡುಗ್ಯಾರ್ನ.”

“ಹುಚ್ಚ ಹಿಡದೈತೇನ್ರಿ ಸರ ನಿಮಗ? ನಿಮ್ಮ ಕಾಲ ನೋಡ್ಕೋರಿ ಮೊದಲ!”

“ಇವತ್ತ ಹೊಳ್ಳಿ ಒಯ್ದ್ರ ಇವರು ಮತ್ತ ಎಂದೂ ಇಲ್ಲಿ ಬರೂದಿಲ್ಲ. ಇವರ ಹಿಂದಿನವರೂ ಬರೂದಿಲ್ಲ. ಅವನ ಮಾತ ಕೇಳಿ ಇಳಿಸ್ರಿ.” ಲೈಫ್‌ಗಾರ್ಡನ ಕಡೆ ಗದ್ದ ಎತ್ತಿ ತೋರಿಸಿದರು. ಆಮೇಲೆ ಕಾಲು ಬಕೆಟ್ಟಿನಲ್ಲೇ ಇಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂಗಿದರು, “ಮಾಳವ್ವಾ! ಸಾಲ ಹಚ್ಚು!”

ಹುಡುಗಿಯರು ಕಣ್ಣೊರೆಸಿಕೊಂಡು ಸಾಲಾದರು. ಲೈಫ್‌ಗಾರ್ಡ್ ಮುಂದೆ ನಿಂತು ಕಾಲು ಮರಳಿಗೆ ಹೇಗೆ ಉಜ್ಜಬೇಕೆಂದು ತೋರಿಸಿದ. ನಮ್ಮ ಹುಡುಗಿಯರಿಗೆ ಅದು ಬರಲೊಲ್ಲದು! ನೀರಿಗೆ ಇಳಿದ ಕೂಡಲೇ ಮೊಣಕಾಲು ತಾನೇ ಮೇಲೆ ಏಳುತ್ತಿತ್ತು. ಹಿಂದಿನಿಂದ ಮಾಸ್ತರರ ದನಿ, “ಎತ್ತಬ್ಯಾಡ! ಎಳಿ! ಮಾಳವ್ವಾ, ಎಳಿ ಅಂದೆ! ಏಯ್ ಮೂರನೇದಾಕಿ, ಕಾಲ ಎಳಿ!”

ತಮ್ಮ ಕಿವಿಯನ್ನೇ ನಂಬಲಾರದೆ ಹುಡುಗಿಯರು ಹೊರಳಿ ನೋಡಿದರು. ಒಬ್ಬಳು ಕಿಸಕ್ಕನೆ ನಕ್ಕಳು. ಅವಳ ಹಿಂದೆ ಎಲ್ಲರೂ ನಕ್ಕರು. ನಗುತ್ತ, ಸರಸರ ಮರಳು ಉಜ್ಜುತ್ತ, ಮೊಣಕಾಲುದ್ದದ ನೀರಿಗೆ ಇಡೀ ಸಾಲು ಇಳಿಯಿತು. ಲೈಫ್‌ಗಾರ್ಡನ ಎದುರು ಒಂದು ಕಡೆ ಮರಳು ಕದಡಿ, ಜೋಳದ ರೊಟ್ಟಿಯಷ್ಟು ಅಗಲದ ತೊರಕೆಯೊಂದು ಎದ್ದು ರೆಕ್ಕೆ ಬಡಿದ ಹಾಗೆ ಆಳದ ಕಡೆ ಹೋಯಿತು. ಹುಡುಗಿಯರು ಚೀರಿದರು, ಆದರೆ ಯಾರೂ ಕಾಲು ಎತ್ತಲಿಲ್ಲ. ಅವರೆಲ್ಲ ಒದ್ದೆಯಾಗಿ ಮೇಲೆ ಬಂದ ಮೇಲೆಯೇ ಮಾಸ್ತರರು ಆಟೊ ಹತ್ತಿದ್ದು. ಆಸ್ಪತ್ರೆಯಲ್ಲಿ ಗಾಯ ತೊಳೆದು, ಒಳಗೆ ಮುಳ್ಳು ಮುರಿದು ಉಳಿದಿಲ್ಲವೆಂದು ನೋಡಿ, ಇಂಜೆಕ್ಷನ್ ಕೊಟ್ಟು ಕಳಿಸಿದರು.

ಬಸ್ಸಿಗಿಂತ ಮೊದಲೇ ಸುದ್ದಿ ಊರು ಮುಟ್ಟಿತ್ತು. ನಾವು ಇಳಿದಾಗ ಊರವರೆಲ್ಲ ಶಾಲೆಯ ಗೇಟಿನಲ್ಲಿ. ಮಾಸ್ತರರನ್ನು ಇಬ್ಬರು ಹಿಡಿದು ಇಳಿಸುವುದನ್ನು ಕಂಡು ಹೆಂಗಸರು ತಮ್ಮ ತಮ್ಮ ಮಕ್ಕಳ ಪಾದ ಮುಟ್ಟಿ ನೋಡಿದರು. ಬೀರಪ್ಪ ಮಾಳವ್ವನ ಕೈ ಹಿಡಿದುಕೊಂಡು ನನಗೇ ಹೇಳಿದರು, “ಸರಗ ಹಿಂಗಾತಂದ್ರ ನಮ್ಮ ಹುಡುಗ್ಯಾರಿಗೆ ಏನಾಗ್ತಿತ್ತರಿ ಅಕ್ಕೋರ? ಸಾಕು. ಇನ್ನ ಮುಂದ ಡ್ಯಾಮ್ ತನಕ ಅಷ್ಟ.” ಸುತ್ತ ಎಲ್ಲರೂ ತಲೆ ಅಲ್ಲಾಡಿಸಿದರು. ಯಾರಿಗೂ ಏನೂ ಆಗಿಲ್ಲ, ಹೇಳಿದ ಹಾಗೆ ನಡೆದರೆ ಏನೂ ಆಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳುವವರಿಲ್ಲ. ಪಟ್ಟಿ ಕಟ್ಟಿದ ಆ ಒಂದು ಕಾಲು ಎಲ್ಲರ ಕಣ್ಣೆದುರಿಗಿತ್ತು. ಮುಂದಿನ ವರ್ಷ ಬರಬೇಕಿದ್ದ ಸಣ್ಣ ಹುಡುಗಿಯರು ಗೇಟಿನ ಕಂಬ ಹಿಡಿದು ನಿಂತಿದ್ದರು. ಬೀರಪ್ಪನ ಕಿರಿ ಮಗಳೂ ಅವರಲ್ಲಿದ್ದಳು. ಆ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ. ಒಬ್ಬ ಮನುಷ್ಯನ ಹಟಕ್ಕೆ ಇಷ್ಟು ಹುಡುಗಿಯರ ದಾರಿ ಮುಚ್ಚಿಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಡಾಕ್ಟರು ಅವರಿಗೆ ಕಾಲು ಊರಬಾರದು ಎಂದಿದ್ದರು. ಅವರು ರಜೆಯ ಮೇಲಿದ್ದರು. ಕೆಲವು ದಿನಗಳ ಮೇಲೆ ಶಾಲೆಯಲ್ಲಿ ಹುಡುಗಿಯರೇ ಹೇಳಿದರು, “ಡ್ರಿಲ್ ಸರ್ ಊರಾಗ ಅಡ್ಡಾಡಾಕತ್ತಾರ್ರಿ.” ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ನೋಡಿದರೆ ಖರೆ. ಯಾರದೋ ಗಾಡಿಯ ಹಿಂದೆ ಕೂತು ಬಂದು, ಕೊಡೆ ಊರಿಕೊಂಡು ಬೀರಪ್ಪನ ಓಣಿಯಲ್ಲಿ ನಡೆಯುತ್ತಿದ್ದಾರೆ. ಪಟ್ಟಿ ಕಟ್ಟಿದ ಕಾಲು ಎತ್ತಲಾಗದೆ ಮಣ್ಣಿನಲ್ಲಿ ಗೆರೆ ಎಳೆಯುತ್ತಿತ್ತು. ಪಟ್ಟಿಯ ಅಂಚು ಒದ್ದೆಯಾಗಿತ್ತು.

“ಸರ, ಏನ ನಡಿಸೀರಿ ಇದು? ಡಾಕ್ಟರು ಏನ ಹೇಳ್ಯಾರ? ಯಾರ ಮಾತೂ ಕೇಳಬಾರ್ದಂತ ಆಣಿ ಮಾಡೀರೇನು?”

“ಒದರಬ್ಯಾಡ್ರಿ ಅಕ್ಕೋರ. ಇನ್ನ ನಾಕ ಮನಿ ಅದಾವ. ಬರ್ರಿ ನೀವೂ.”

ಬೀರಪ್ಪ ಹೊಸ್ತಿಲಲ್ಲಿ ನಿಂತಿದ್ದರು. ಮುಖ ಗಂಟಿಕ್ಕಿತ್ತು. ಮಾಸ್ತರರು ಅಂಗಳದಲ್ಲಿ, ಬಿಸಿಲಿನಲ್ಲಿ, ಕೊಡೆಯ ಮೇಲೆ ಭಾರ ಹಾಕಿ ನಿಂತು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

“ಬೀರಪ್ಪಾರ, ತಪ್ಪ ಸಮುದ್ರದ್ದಲ್ಲ. ಅಕ್ಕೋರ್ದೂ ಅಲ್ಲ. ನಂದು. ಹೆಂಗ ನಡೀಬೇಕಂತ ಅಲ್ಲಿಯವರು ಹೇಳಿದ್ರು, ನಾ ಕೇಳಲಿಲ್ಲ. ನಿಮ್ಮ ಮಗಳು ಕೇಳಿದಳು, ಆಕಿಗೆ ಏನೂ ಆಗಲಿಲ್ಲ. ನಾ ಮಾಡಿದ ತಪ್ಪಿಗೆ ಸಣ್ಣಾಕಿನ್ನ ಯಾಕ ಮನ್ಯಾಗ ಕುಂದರಸ್ತೀರಿ?”

ಬೀರಪ್ಪ “ನೋಡೂಣ್ರಿ” ಎಂದು ಒಳಗೆ ಹೋದರು.

ಅಷ್ಟು ವರ್ಷ ಆ ಮನುಷ್ಯನ ಬಾಯಿಂದ ಒಮ್ಮೆಯಾದರೂ ತಪ್ಪು ಎನ್ನುವ ಮಾತು ಬರಲಿ ಎಂದು ನಾನು ಕಾದವಳು. ಬಂದಾಗ 'ಅಂತೂ ಒಪ್ಪಿಕೊಂಡ್ರಲ್ಲ' ಎಂದು ಕುಣಿಯಬೇಕಿತ್ತು. ಕುಣಿಯಲಾಗಲಿಲ್ಲ. ಅವರು ಅದೇ ಮಾತನ್ನು ಮುಂದಿನ ಮನೆಯಲ್ಲಿ ಹೇಳಿದರು, ಅದರ ಮುಂದಿನ ಮನೆಯಲ್ಲೂ ಹೇಳಿದರು. ಒಂದು ಕಡೆ ಮುದುಕಿಯೊಬ್ಬಳು, “ಮಾಸ್ತರಾಗಿ ಅಷ್ಟೂ ತಿಳೀಲಿಲ್ಲೇನೋ ನಿನಗ?” ಎಂದು ಮುಖಕ್ಕೇ ಅಂದಳು. “ತಿಳೀಲಿಲ್ಲ ಯವ್ವಾ” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪೀರಿಯಡ್ ಇದೆ ಎಂದು ಹೇಳಿ ಓಣಿ ದಾಟಿ ಬಂದು ಅತ್ತುಬಿಟ್ಟೆ.

ಗಾಯ ಮಾಗಿತು. ಬೇಸಿಗೆಯ ಹೊತ್ತಿಗೆ ಮತ್ತೆ ಮೈದಾನ ತುಳಿಯತೊಡಗಿದ್ದರು. ಸ್ಟಾಫ್ ರೂಮಿನಲ್ಲಿ ಮತ್ತೆ ಅದೇ ಗತ್ತು. ಸಮುದ್ರದ ಮಾತು ತೆಗೆದರೆ, “ಆ ಲೈಫ್‌ಗಾರ್ಡಗ ಸೀಟಿ ಊದಾಕ ಬರೂದಿಲ್ಲ ಬಿಡ್ರಿ” ಎನ್ನುತ್ತಿದ್ದರು. ಡಿಸೆಂಬರಿನಲ್ಲಿ ಮತ್ತೆ ಹೋಗುವುದು, ಈ ಸಲ ಎಂಟನೆಯ ತರಗತಿಯ ಹುಡುಗಿಯರಿಗೆ ಮೊದಲೇ ಮೈದಾನದಲ್ಲಿ ಕಾಲು ಎಳೆಯುವುದನ್ನು ಕಲಿಸಿ ಒಯ್ಯುವುದು ಎಂದು ಅವರೇ ಹೇಳಿದ್ದರು. ಮೇ ತಿಂಗಳಿನ ರಜೆಯಲ್ಲಿ ಒಂದು ಮುಂಜಾನೆ ಫೋನು ಬಂತು. ಎದೆನೋವು ಎಂದು ಕೊಣ್ಣೂರಿನಿಂದ ಗೋಕಾಕದ ದವಾಖಾನೆಗೆ ತರುವಷ್ಟರಲ್ಲಿ ಮುಗಿದಿತ್ತು. ಎದೆ ಭಾರ ಆಗುತ್ತದೆ ಎಂದು ಮನೆಯವರ ಹತ್ತಿರ ಅಂದಿದ್ದರಂತೆ. ತೋರಿಸಿಕೊಳ್ಳಿ ಎಂದರೆ ಕೇಳಲಿಲ್ಲವಂತೆ. ಅವರ ಮನೆಯ ಅಂಗಳದಲ್ಲಿ ಎಲ್ಲರೂ ಅಳುತ್ತಿದ್ದರೆ ನನಗೆ ಕೂಗಿ ಬೈಯಬೇಕು ಅನಿಸುತ್ತಿತ್ತು. ಈಗಲೂ ಅನಿಸುತ್ತದೆ. ಜಗಳವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದವರ ಮೇಲೆ ಯಾರ ಸಿಟ್ಟು ಇಳಿದೀತು?

ಡಿಸೆಂಬರಿನಲ್ಲಿ ನಾನು ಮತ್ತೆ ಮನೆಮನೆಗೆ ಹೊರಟೆ, ಆಗುವುದಿಲ್ಲವೆಂದು ತಿಳಿದೇ ಹೊರಟೆ. ಅವರಿದ್ದಾಗಲೇ ಬೇಡವೆಂದವರು ಈಗ ಯಾವ ಭರವಸೆಗೆ ಕಳಿಸಿಯಾರು? ಬೀರಪ್ಪನ ಮನೆಗೆ ಎಲ್ಲಕ್ಕಿಂತ ಕಡೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ಇಬ್ಬರೂ ಬರ್ತಾರ್ರಿ, ಮಾಳವ್ವನೂ ಸಣ್ಣಾಕಿನೂ” ಎಂದರು. ಅಷ್ಟೇ. ಅವರ ಹಿಂದೆ ಉಳಿದವರೂ ಒಪ್ಪಿದರು.

ಅದೇ ಕಡಲತೀರ. ಮಾಳವ್ವ ಮುಂದೆ ನಿಂತು ಸಣ್ಣವರಿಗೆಲ್ಲ ಗದರುತ್ತ, ಕಾಲು ಎಳೆಸುತ್ತ ನೀರಿಗೆ ಇಳಿಸಿದಳು. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ. ನಾನು ದಂಡೆಯಲ್ಲಿ ನಿಂತು, ಇದನ್ನು ನೋಡಬೇಕಾದವರು ಇಲ್ಲವಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಬಸ್ಸು ಊರಿಗೆ ಮರಳಿದಾಗ ಬೀರಪ್ಪ ಗೇಟಿನಲ್ಲಿದ್ದರು. ಮಕ್ಕಳಿಬ್ಬರೂ ಅವರ ಎರಡೂ ಕಡೆ ಜೋತುಬಿದ್ದು ಸಮುದ್ರ, ಮೀನು, ಮರಳು ಎಂದು ಒಂದೇ ಸಮನೆ ಹೇಳುತ್ತಿದ್ದರು. ಅವರು ಮಕ್ಕಳನ್ನು ಮುಂದೆ ಕಳಿಸಿ ನನ್ನ ಹತ್ತಿರ ಬಂದು ನಿಂತರು. ತಲೆಯ ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

“ಅಕ್ಕೋರ, ಆವತ್ತ ಸರ್ ನಮ್ಮ ಮನಿಗೆ ಬಂದಿದ್ರಲ್ರಿ, ಆ ಕಾಲ ತಗೊಂಡು” ಎಂದರು. “ನಾ ಒಳಗ ಬರ್ರಿ ಅನ್ನಲಿಲ್ಲ. ಕೂಡ್ರಿ ಅಂತ ಸಹಿತ ಅನ್ನಲಿಲ್ರಿ. ಬಿಸಲಾಗ ನಿಂತ ಹೋದ್ರು.”

ಅವರ ಕಣ್ಣು ತುಂಬಿದ್ದವು.

“ಅವರು ಕೂಡಾಕ ಬಂದಿರಲಿಲ್ಲ ಬಿಡ್ರಿ” ಎಂದೆ.